ಪಕ್ಕೆ ನೋವು ಬಂದರೆ ಅದೂ ಲೂಪಸ್ಸೇನಾ?

ಲೂಪಸ್ ಇರುವವರು, ಅವರ ಮನೆಯವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ಎದೆ, ಪಕ್ಕೆ, ಹೊಟ್ಟೆ, ಬೆನ್ನು, ಇಷ್ಟರಲ್ಲಿ ಎಲ್ಲೋ ಒಂದು ಕಡೆ ನೋವು ಶುರುವಾಗಿದೆ. ಇದು ಕಾಯಿಲೆಯದೇ ನೋವೋ, ಬೇರೆ ಏನಾದರೂ ಇದೆಯೋ, ಹೇಗೆ ತಿಳಿಯುವುದು?

ನಾನು ಡಾಕ್ಟರ್ ಅಲ್ಲ. ಲೂಪಸ್ ಇಟ್ಟುಕೊಂಡು ಬಹಳ ವರ್ಷದಿಂದ ಬದುಕುತ್ತಿರುವವಳು. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿಬೀಳುವ ಕಾಯಿಲೆ ಇದು. ಬರುವವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಹೆಂಗಸರು. ಒಮ್ಮೆ ಫೈಲಿನ ಮೇಲೆ ಈ ಹೆಸರು ಬಿತ್ತು ಅಂದರೆ ಮುಗೀತು, ಆಮೇಲೆ ಬರುವ ಎಲ್ಲ ನೋವನ್ನೂ ಅದರ ಲೆಕ್ಕಕ್ಕೇ ಬರೆಯುತ್ತಾರೆ. ಮನೆಯವರೂ ಹಾಗೇ, ಕೆಲವು ಡಾಕ್ಟರುಗಳೂ ಹಾಗೇ. ಉಳಿದದ್ದನ್ನೆಲ್ಲ ನೋಡಿದ ಮೇಲೆ ‘ಇದು ಲೂಪಸ್ಸೇ’ ಅಂದರೆ ಒಪ್ಪುತ್ತೇನೆ. ನೋಡುವ ಮೊದಲೇ ಅಂದರೆ ಒಪ್ಪುವುದಿಲ್ಲ.

ಲೂಪಸ್ ತಾನೇ ತರುವ ನೋವುಗಳು ಇವೆ. ಶ್ವಾಸಕೋಶದ ಹೊರಪೊರೆ ಊದಿಕೊಂಡರೆ ಉಸಿರು ಎಳೆದಾಗ, ಕೆಮ್ಮಿದಾಗ ಪಕ್ಕೆಯಲ್ಲಿ ಚಳಕ್ ಅಂತ ಚುಚ್ಚುತ್ತದೆ. ಇದೇ ಪ್ಲೂರಿಸಿ. ಹೃದಯದ ಸುತ್ತಲಿನ ಪೊರೆ ಊದಿದರೆ ನೋವು ಎದೆಯ ನಡುವೆ. ಮಲಗಿದರೆ ಜಾಸ್ತಿ, ಎದ್ದು ಕೂತು ಮುಂದಕ್ಕೆ ಬಾಗಿದರೆ ಕಡಿಮೆ. ಕಿಡ್ನಿ ವಿಷಯದಲ್ಲಿ ಮಾತ್ರ ಎಲ್ಲರೂ ತಿರುಗಾಮುರುಗಾ ತಿಳಿದಿದ್ದಾರೆ. ಸೊಂಟದ ಮೇಲೆ ನೋವು ಬಂದ ಕೂಡಲೇ ‘ಲೂಪಸ್ ಕಿಡ್ನಿಗೆ ಹತ್ತಿತು’ ಅಂತ ಅಳುವವರನ್ನು ನೋಡಿದ್ದೇನೆ. ಲೂಪಸ್ ಕಿಡ್ನಿಗೆ ಹೋದಾಗ ಸಾಮಾನ್ಯವಾಗಿ ನೋವೇ ಇರುವುದಿಲ್ಲ. ಮೂತ್ರದಲ್ಲಿ ನೊರೆ, ಕಾಲಲ್ಲಿ ಬಾವು, ಮೂತ್ರ ಪರೀಕ್ಷೆಯಲ್ಲಿ ಪ್ರೋಟೀನು, ಅದು ಕಾಣಿಸಿಕೊಳ್ಳುವುದು ಹೀಗೆ. ಬೆನ್ನಿಂದ ತೊಡೆಸಂದಿಗೆ ಇಳಿಯುವ, ಕೂತಲ್ಲಿ ಕೂರಲು ಬಿಡದ ನೋವಾದರೆ ಕಲ್ಲಿರಬಹುದು. ಕಲ್ಲು ಯಾರಿಗೆ ಬೇಕಾದರೂ ಆಗುತ್ತದೆ.

ಇನ್ನು ಔಷಧಿ ತರುವ ನೋವು. ಇದನ್ನು ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಲೂಪಸ್ ಹತೋಟಿಗೆ ಕೊಡುವ ಸ್ಟೆರಾಯ್ಡ್ ಜೊತೆ ನೋವಿನ ಮಾತ್ರೆಯೂ ನಡೆದಿದ್ದರೆ ಹೊಟ್ಟೆಯಲ್ಲಿ ಹುಣ್ಣಾಗುವ ಸಾಧ್ಯತೆ ಏರುತ್ತದೆ. ವರ್ಷಗಟ್ಟಲೆ ಸ್ಟೆರಾಯ್ಡ್ ತಗೊಂಡವರ ಮೂಳೆ ಸವೆದು, ನೀರಿನ ಕೊಡ ಎತ್ತಿದ್ದಕ್ಕೇ ಬೆನ್ನುಮೂಳೆಯ ಒಂದು ಮಣಿ ಕುಸಿಯಬಹುದು. ಆ ನೋವು ಬೆನ್ನಿಂದ ಸುತ್ತಿಕೊಂಡು ಮುಂದಕ್ಕೆ ಬರುತ್ತದೆ, ಹೊಟ್ಟೆನೋವು ಅಂತಲೇ ಅನಿಸುತ್ತದೆ. ಲೂಪಸ್‌ಗೆ ಕೊಡುವ ಇನ್ನೊಂದು ಮಾತ್ರೆ ಅಜಾಥಿಯೋಪ್ರಿನ್ ಅಪರೂಪಕ್ಕೆ ಮೇದೋಜ್ಜೀರಕ ಗ್ರಂಥಿಯನ್ನು ಊದಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಮಾತು: ಸ್ಟೆರಾಯ್ಡ್ ನೋವನ್ನೂ ಜ್ವರವನ್ನೂ ಮುಚ್ಚಿಡುತ್ತದೆ. ಒಳಗೆ ದೊಡ್ಡ ತೊಂದರೆ ಇದ್ದರೂ ಹೊರಗೆ ಸಣ್ಣದಾಗಿ ಕಾಣಬಹುದು. ‘ಅಷ್ಟೇನೂ ನೋವಿಲ್ಲವಲ್ಲ’ ಅಂತ ನಾವು ಸುಮ್ಮನಿರಬಾರದು.

ನನಗೇ ಆದದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಮಳೆಗಾಲದಲ್ಲಿ ಬಲಪಕ್ಕೆ ನೋವು ಶುರುವಾಯಿತು. ಅಮ್ಮ ಗ್ಯಾಸ್ ಅಂದು ಇಂಗು ಹಾಕಿದ ಮಜ್ಜಿಗೆ ಕೊಟ್ಟರು. ಒಂದು ಆಸ್ಪತ್ರೆಯಲ್ಲಿ ಲೂಪಸ್ ಕೆರಳಿದೆ ಅಂದು ಸ್ಟೆರಾಯ್ಡ್ ಜಾಸ್ತಿ ಮಾಡೋಣ ಅಂದರು. ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶ, ಲಿವರ್ ಎಲ್ಲ ಸರಿಯಾಗಿತ್ತು. ನನಗೆ ಮಾತ್ರ ಇದು ಹಳೇ ನೋವಿನ ಹಾಗಿಲ್ಲ ಅಂತ ಗಟ್ಟಿಯಾಗಿ ಅನಿಸುತ್ತಿತ್ತು. ಉಸಿರು ಎಳೆದರೆ ಹೆಚ್ಚುತ್ತಿರಲಿಲ್ಲ. ಊಟಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಆದರೆ ಕುಪ್ಪಸದ ಬಟ್ಟೆ ಸೋಕಿದರೆ ಸಾಕು, ಸುಟ್ಟ ಹಾಗಾಗುತ್ತಿತ್ತು.

ಲೂಪಸ್‌ಗೆ ನಾನು ತೋರಿಸಿಕೊಳ್ಳುವ ರುಮಟಾಲಜಿ ಡಾಕ್ಟರ್ ಹತ್ತಿರ ಹೋದೆ. ಅವರು ರಿಪೋರ್ಟ್ ತೆಗೆಯಲೇ ಇಲ್ಲ. “ಒಂದೇ ಬೆರಳಲ್ಲಿ ತೋರಿಸಮ್ಮ, ಎಲ್ಲಿಂದ ಎಲ್ಲಿವರೆಗೆ?” ಅಂದರು. ಬೆನ್ನುಮೂಳೆಯ ಪಕ್ಕದಿಂದ ಪಕ್ಕೆ ಸುತ್ತಿ ಎದೆಯ ಕೆಳಗಿನವರೆಗೆ ಬೆರಳು ಎಳೆದೆ. ಬೆರಳು ಮೈಯ ನಡುಗೆರೆ ದಾಟಲಿಲ್ಲ. ಅವರು ಹತ್ತಿಯ ತುಂಡಿನಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸವರಿದರು. ಬಲಗಡೆ ನಾನು ಬೆಚ್ಚಿಬಿದ್ದೆ. “ಸರ್ಪಸುತ್ತು ಬರುತ್ತಿರಬಹುದು. ದಿನಾ ಕನ್ನಡಿಯಲ್ಲಿ ಬೆನ್ನು ನೋಡಿಕೊಳ್ಳಿ, ಒಂದು ಗುಳ್ಳೆ ಕಂಡರೂ ಅವತ್ತೇ ಬನ್ನಿ” ಅಂದರು. ಮರುದಿನ ಸಂಜೆ ಭುಜದ ಮೂಳೆಯ ಕೆಳಗೆ ಕೆಂಪು ಕಲೆ, ಅದರ ಮೇಲೆ ನೀರ್ಗುಳ್ಳೆ.

ಚಿಕ್ಕಂದಿನಲ್ಲಿ ಚಿಕನ್ ಪಾಕ್ಸ್ ತಂದ ವೈರಸ್ಸೇ ನರದ ಬುಡದಲ್ಲಿ ಅಡಗಿ ಕೂತಿರುತ್ತದೆ. ಮೈಯ ಕಾವಲು ಸಡಿಲವಾದಾಗ ಎದ್ದು ಬರುತ್ತದೆ. ಲೂಪಸ್‌ಗೆ ನಾವು ನುಂಗುವ ಔಷಧಿಗಳು ಆ ಕಾವಲನ್ನೇ ತಗ್ಗಿಸುತ್ತವೆ. ಗುಳ್ಳೆ ಏಳುವುದಕ್ಕೆ ಕೆಲವು ದಿನ ಮೊದಲೇ ನೋವು ಬರುತ್ತದೆ, ಅದಕ್ಕೇ ಯಾವ ಸ್ಕ್ಯಾನಿಗೂ ಸಿಗುವುದಿಲ್ಲ. ಗುಳ್ಳೆ ಕಂಡ 72 ಗಂಟೆಯೊಳಗೆ ಅಸೈಕ್ಲೋವಿರ್ ಥರದ, ವೈರಸ್ ತಡೆಯುವ ಔಷಧಿ ಶುರು ಮಾಡಿದರೆ ಗುಣ ಹೆಚ್ಚು. ಸುತ್ತಿನ ತಲೆ ಬಾಲ ಕೂಡಿದರೆ ಜೀವ ಹೋಗುತ್ತದೆ ಅಂತ ಊರಲ್ಲಿ ಹೆದರಿಸುತ್ತಾರೆ, ಹಾಗೇನಿಲ್ಲ. ಆ ನರ ಮೈಯ ಅರ್ಧಭಾಗಕ್ಕೆ ಮಾತ್ರ ಹೋಗುವುದರಿಂದ ಗುಳ್ಳೆಗಳು ಸಾಮಾನ್ಯವಾಗಿ ನಡುಗೆರೆಯಲ್ಲೇ ನಿಲ್ಲುತ್ತವೆ. ಹೆದರಿ ಮಂತ್ರ, ಲೇಪ ಅಂತ ಆ ಮೂರು ದಿನ ಕಳೆದುಕೊಳ್ಳುತ್ತಾರಲ್ಲ, ಅದೇ ನನ್ನ ಹೊಟ್ಟೆ ಉರಿಸುವುದು.

ಹಾಗಾಗಿ ನನ್ನನ್ನು ಕೇಳಿದವರಿಗೆ ನಾನು ತಿರುಗಿ ಕೇಳುವುದು ಇದನ್ನೇ. ಎಲ್ಲಿ, ಒಂದೇ ಬೆರಳಲ್ಲಿ ತೋರಿಸಲು ಆಗುತ್ತದಾ? ಉಸಿರಿಗೆ, ಊಟಕ್ಕೆ, ಮಗ್ಗುಲು ಬದಲಿಸಿದ್ದಕ್ಕೆ, ಮುಟ್ಟಿದ್ದಕ್ಕೆ, ಯಾವುದಕ್ಕೆ ಜಾಸ್ತಿಯಾಗುತ್ತದೆ? ಇತ್ತೀಚೆಗೆ ಯಾವ ಔಷಧಿ ಬದಲಾಯಿತು? ಹೊಟ್ಟೆ ನೋವಾದರೆ ಡಾಕ್ಟರುಗಳು ಮಾಡುವ ಒಂದು ಪರೀಕ್ಷೆ ಇದೆ, ಕಾರ್ನೆಟ್ ಎಂಬ ಅಮೆರಿಕದ ಸರ್ಜನ್ 1926ರಲ್ಲಿ ಬರೆದದ್ದು. ಅಂಗಾತ ಮಲಗಿಸಿ, ನೋವಿರುವ ಜಾಗ ಒತ್ತಿ ಹಿಡಿದು, ತಲೆ ಎತ್ತಲು ಹೇಳುತ್ತಾರೆ. ಹೊಟ್ಟೆಯ ಸ್ನಾಯು ಬಿಗಿಯಾದಾಗ ನೋವು ಹೆಚ್ಚಿದರೆ ಅದು ಹೊಟ್ಟೆಯ ಗೋಡೆಯದು, ಕಡಿಮೆಯಾದರೆ ಒಳಗಿನದು ಇರಬಹುದು. ಖರ್ಚಿಲ್ಲ, ಮೆಷೀನು ಬೇಡ. ಇಂಥದ್ದನ್ನು ಮಾಡಿ ನೋಡುವ ಡಾಕ್ಟರ್ ಸಿಕ್ಕರೆ ಬಿಡಬೇಡಿ.

ಆದರೆ ಕೆಲವು ನೋವಿಗೆ ಈ ಯೋಚನೆಯೆಲ್ಲ ಬೇಡ. ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆ ಹಿಂಡಿ ಬೆವರುವುದು, ದವಡೆಗೋ ತೋಳಿಗೋ ಹರಡುವುದು, ತಲೆ ಸುತ್ತಿ ಬೀಳುವುದು, ಒಂದೇ ಕಾಲು ಊದಿ ಎದೆ ನೋಯುವುದು, ಮಲ ಟಾರಿನಂತೆ ಕಪ್ಪಾಗುವುದು, ಹೊಟ್ಟೆ ಹಲಗೆಯಂತೆ ಬಿಗಿಯುವುದು. ತಕ್ಷಣ 108ಕ್ಕೆ ಫೋನ್ ಮಾಡಿ. ಲೂಪಸ್ ಇರುವವರಿಗೆ ಸಣ್ಣ ವಯಸ್ಸಿನಲ್ಲೇ ಹೃದಯಾಘಾತ ಆಗುವ, ರಕ್ತ ಹೆಪ್ಪುಗಟ್ಟುವ ಅಪಾಯ ಬೇರೆಯವರಿಗಿಂತ ಜಾಸ್ತಿ. ‘ಹೆಂಗಸು, ವಯಸ್ಸು ಚಿಕ್ಕದು, ಗ್ಯಾಸ್ ಇರಬೇಕು’ ಅಂತ ಯಾರಾದರೂ ಕಳಿಸಲು ನೋಡಿದರೆ ಇಸಿಜಿ ತೆಗೆಯಿರಿ ಅಂತ ಕೂತುಬಿಡಿ. ಲೂಪಸ್ ಇದೆ ಅನ್ನುವುದನ್ನೂ ನುಂಗುವ ಮಾತ್ರೆಗಳ ಹೆಸರನ್ನೂ ಬಾಗಿಲಲ್ಲೇ ಹೇಳಿ.

ಸರ್ಪಸುತ್ತಿಗೆ ಲಸಿಕೆ ಇದೆಯಾ ಅಂತಲೂ ಕೆಲವರು ಕೇಳುತ್ತಾರೆ. ಇದೆ. ಜೀವಂತ ವೈರಸ್ ಇಲ್ಲದ, ಎರಡು ಡೋಸಿನ ಲಸಿಕೆ 2023ರಿಂದ ನಮ್ಮಲ್ಲೂ ಸಿಗುತ್ತಿದೆ. ಬೆಲೆ ಜಾಸ್ತಿ. ನಿಮಗೆ ಹೊಂದುತ್ತದಾ, ಯಾವಾಗ ಹಾಕಿಸಿಕೊಳ್ಳಬೇಕು ಅಂತ ಮುಂದಿನ ಸಲ ಹೋದಾಗ ನಿಮ್ಮ ಡಾಕ್ಟರನ್ನು ಕೇಳಿ. ಕಾಯಿಲೆ ಹತೋಟಿಯಲ್ಲಿರುವಾಗಲೇ ಕೇಳುವುದು ಒಳ್ಳೆಯದು.