ಒಂದು ದಿನವೂ ರಜೆ ಹಾಕದೆ

17 ಮಾರ್ಚ್ 2024, ಭಾನುವಾರ, ರಾತ್ರಿ 11.40

ಗಂಡನ ಆಫೀಸಿನ ಅಪ್ರೈಸಲ್ ಫಾರಂ ನಾಳೆ ಬೆಳಿಗ್ಗೆ ಹತ್ತರೊಳಗೆ ಕೊಡಬೇಕಂತೆ. "ಒಂದ್ಸಲ ಕಣ್ಣಾಡಿಸ್ತೀಯಾ? ನಿನ್ನ ಭಾಷೆ ಚೆನ್ನಾಗಿದೆ" ಅಂತ ಲ್ಯಾಪ್‌ಟಾಪ್ ನನ್ನ ತೊಡೆ ಮೇಲಿಟ್ಟು ಇನ್ನೊಂದು ಕಾಲ್‌ಗೆ ಎದ್ದುಹೋದ. ಈ ವಾರ ನನ್ನ ಹತ್ತಿರ ಅವನು ಆಡಿದ ಅತಿ ಉದ್ದದ ಮಾತು ಇದೇ ಇರಬೇಕು.

ಮೊದಲ ಪುಟ ಮಾಮೂಲು. ಎರಡನೆಯದರಲ್ಲಿ 'ವರ್ಷದ ಮುಖ್ಯ ಸಾಧನೆ' ಅನ್ನೋ ಕಾಲಂ. ಆಗಸ್ಟ್ ತಿಂಗಳ ರಿಲೀಸ್‌ನಲ್ಲಿ ತಂಡವನ್ನು ಮುನ್ನಡೆಸಿದ್ದೇನೆ, ರಜೆ ಹಾಕಿಲ್ಲ ಒಂದು ದಿನವೂ, ಅಂತ ಬರೆದಿದ್ದ.

ಆಗಸ್ಟ್. ನನಗೆ ಆಪರೇಷನ್ ಆದ ತಿಂಗಳು.

ಹಗಲೆಲ್ಲ ಅಕ್ಕ ಜೊತೆಗಿರ್ತಿದ್ದಳು. ಇವನು ರಾತ್ರಿ ಬಂದು, ವಾರ್ಡಿನ ಕಿಟಕಿ ಕಟ್ಟೆ ಮೇಲೆ ಲ್ಯಾಪ್‌ಟಾಪ್ ಇಟ್ಟು, ನಿಂತೇ ಟೈಪ್ ಮಾಡ್ತಿದ್ದ. ಪಕ್ಕದ ಹಾಸಿಗೆಯವರ ಕಣ್ಣಿಗೆ ಬೆಳಕು ಬೀಳಬಾರದು ಅಂತ ಕಿಟಕಿ ಸರಳಿಗೆ ಟವೆಲ್ ಕಟ್ಟಿ ಅಡ್ಡ ಮಾಡಿದ್ದ. (ಅವರ ಮೇಲೆ ಅಷ್ಟು ಕಾಳಜಿ!) ಆಗ ನನಗೆ ಸಿಟ್ಟೇ ಬರಲಿಲ್ಲವಲ್ಲ, ಅದು ಈಗ ಹೆದರಿಕೆ ಹುಟ್ಟಿಸ್ತಿದೆ. ನಾನೇನು ಕಡಿಮೆಯೇ? ಡಿಸ್ಚಾರ್ಜ್ ಆದ ನಾಲ್ಕನೇ ದಿನವೇ ಇಂಟರ್‌ವ್ಯೂಗೆ ಕೂತವಳು. ಕ್ಯಾಮೆರಾದಲ್ಲಿ ಎದೆಯಿಂದ ಮೇಲಷ್ಟೇ ಕಾಣುತ್ತೆ ಅನ್ನೋ ಧೈರ್ಯ. ಅವನೂ ಬೇಡ ಅನ್ನಲಿಲ್ಲ. ಹಾಗೆ ಬೇಡ ಅನ್ನದೆ ಇರೋದಕ್ಕೇ ನಾವಿಬ್ಬರೂ 'ಸಪೋರ್ಟ್' ಅಂತ ಹೆಸರಿಟ್ಟುಕೊಂಡಿದ್ದೆವು.

ಹೋದ ವಾರ ಐನ್‌ಸ್ಟೈನ್ ಬಗ್ಗೆ ಓದ್ತಿದ್ದೆ. 1914ರಲ್ಲಿ ಹೆಂಡತಿ ಮಿಲೇವಾಗೆ ಷರತ್ತುಗಳ ಪಟ್ಟಿಯನ್ನೇ ಬರೆದುಕೊಟ್ಟಿದ್ದರು. ಮೂರು ಹೊತ್ತಿನ ಊಟ ಕೋಣೆಗೇ ಬರಬೇಕು, ಬರೆಯೋ ಮೇಜನ್ನು ತಾನೊಬ್ಬನೇ ಬಳಸಬೇಕು, ಮಾತು ನಿಲ್ಲಿಸು ಅಂದರೆ ನಿಲ್ಲಿಸಬೇಕು. ಕಾಲೇಜಿನಲ್ಲಿ ಅವರ ಜೊತೆಗೇ ಭೌತಶಾಸ್ತ್ರ ಓದಿದ ಹೆಂಗಸು ಆಕೆ! ಮೊದಲು ಒಪ್ಪಿದರು, ಆಮೇಲೆ ಇಬ್ಬರು ಮಕ್ಕಳನ್ನು ಕರೆದುಕೊಂಡು ಬರ್ಲಿನ್ ಬಿಟ್ಟು ಜ್ಯೂರಿಚ್‌ಗೆ ಹೊರಟುಹೋದರು. ಮರುವರ್ಷ ನವೆಂಬರಿನಲ್ಲಿ ಸಾಮಾನ್ಯ ಸಾಪೇಕ್ಷತೆಯ ಸಮೀಕರಣಗಳು ಪೂರ್ತಿಯಾದವು, 1919ರಲ್ಲಿ ವಿಚ್ಛೇದನ. ಇನ್ನೂ ಕೈಗೆ ಬಂದಿರದ ನೊಬೆಲ್ ಹಣವನ್ನು ಆ ಕರಾರಿನಲ್ಲಿ ಆಕೆಗೆ ಅಂತ ಬರೆದಿದ್ದರು. ನಡುವೆ ಇನ್ನೊಬ್ಬಳಿದ್ದಳು ಅನ್ನೋದೂ ನಿಜ. ಆದರೂ ನನ್ನ ತಲೆಯಲ್ಲಿ ಉಳಿದದ್ದು ಆ ಮೇಜು. ಆ ಮಹಾಶಯರು ಬರೆದಾದರೂ ಕೊಟ್ಟರು, ಆಕೆಗೆ ಓದಿ ಎದ್ದುಹೋಗೋಕೆ ಏನೋ ಒಂದಿತ್ತು. ನಮ್ಮ ಮನೆಯಲ್ಲಿ ಯಾರೂ ಏನೂ ಬರೆದಿಲ್ಲ, ಇಬ್ಬರೂ ಚಾಚೂ ತಪ್ಪದೆ ಪಾಲಿಸ್ತಿದ್ದೇವೆ.

ಆ ವಾಕ್ಯ ಸ್ವಲ್ಪ ಸಡಿಲವಾಗಿತ್ತು. 'ಒಂದು ದಿನವೂ' ಅನ್ನೋದನ್ನು ಮುಂದಕ್ಕೆ ತಂದೆ, ಒತ್ತು ಸರಿಯಾಗಿ ಬಿತ್ತು.

ಬಂದವನು ಓದಿ, "ಈಗ ಸಖತ್ತಾಗಿದೆ" ಅಂದ.

"ಆಗಸ್ಟಲ್ಲಿ ಏನಾಯ್ತು, ನೆನಪಿದೆಯಾ?"

"ರಿಲೀಸ್ ತಾನೇ?" ಅಂದ, ಸೋಫಾ ಸಂದಿಯಲ್ಲಿ ಚಾರ್ಜರ್ ಹುಡುಕುತ್ತಾ.