ಯಾವ ಮಾರ್ಚು?

"ಬಾಡಿಗೆ ಅಂತ ಯಾಕಪ್ಪ ಬರೀಬೇಕು? ಮಗನ ಥರ ನಮ್ಮನೇಲಿದ್ದ ಅಂತ ಬರ್ಕೊಡ್ತೀನಿ."

ಮಂಗಳವಾರ ರಾತ್ರಿ ಅಂಕಲ್ ಫೋನಲ್ಲಿ ಅಂದ ಮಾತು. ಮಗನ ಥರ ಅಂತೆ! ಪ್ರತಿ ತಿಂಗಳು ಒಂದನೇ ತಾರೀಖು 20 ಡಾಲರಿನ 35 ನೋಟುಗಳನ್ನು ಬೆರಳಿಗೆ ಎಂಜಲು ಹಚ್ಚಿ ಎರಡೆರಡು ಸಲ ಎಣಿಸಿಕೊಳ್ಳುತ್ತಿದ್ದವರು ಇವರೇ. ಫೋನಿಂದ ಕಳಿಸ್ತೀನಿ ಅಂದರೆ "ಅದೆಲ್ಲ ಬ್ಯಾಡ ಕಣಪ್ಪ, ಕ್ಯಾಶೇ ಸಲೀಸು" ಅನ್ನುತ್ತಿದ್ದರು. ಯಾಕೆ ಸಲೀಸು ಅಂತ ನನಗೂ ಗೊತ್ತಿತ್ತು. ಬಹುಶಃ ಅವರ ಟ್ಯಾಕ್ಸ್ ಫೈಲ್ ಮಾಡುವವರಿಗೆ ಮಾತ್ರ ಗೊತ್ತಿರಲಿಲ್ಲ.

ಅಮೆರಿಕದ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಅವರ ಬೇಸ್‌ಮೆಂಟಿನಲ್ಲಿ ಒಂದೂವರೆ ವರ್ಷ ಇದ್ದೆ. ಅಪಾರ್ಟ್‌ಮೆಂಟಿಗೆ ಬಂದು ಈಗ 9 ತಿಂಗಳು. ಪುಟ್ಟದೊಂದು ಮನೆ ಕೊಳ್ಳೋಣ ಅಂತ ಸಾಲಕ್ಕೆ ಅರ್ಜಿ ಹಾಕಿದ್ದೇನೆ. ಹಿಂದಿನ 2 ವರ್ಷ ಎಲ್ಲೆಲ್ಲಿದ್ದೆ ಅಂತ ಅದರಲ್ಲಿ ಬರೆಯಬೇಕು. ಪ್ರತಿ ವಿಳಾಸಕ್ಕೂ ಮೂರು ಚೌಕ: ಸ್ವಂತ, ಬಾಡಿಗೆ, ಮನೆಗೆ ಖರ್ಚೇ ಇಲ್ಲ. ಈ ದೇಶದಲ್ಲಿ ನನ್ನ ಕ್ರೆಡಿಟ್, ಅಂದರೆ ಸಾಲ ತೀರಿಸಿದ ದಾಖಲೆ, ಇನ್ನೂ ಅಂಬೆಗಾಲಿನಲ್ಲಿದೆ. ಊರಿನ ಸಿಬಿಲ್ ಸ್ಕೋರಿಗೆ ಇಲ್ಲಿ ಕವಡೆ ಕಿಮ್ಮತ್ತಿಲ್ಲ. ಹಾಗಾಗಿ 12 ತಿಂಗಳು ತಪ್ಪದೆ ಬಾಡಿಗೆ ಕಟ್ಟಿದ್ದಕ್ಕೆ ಪುರಾವೆ ಕೊಡು ಅಂದರು ಸಾಲ ಕೊಡುವವರು.

ಅಪಾರ್ಟ್‌ಮೆಂಟಿನ ಆಫೀಸಿನವರು ಅರ್ಧ ಗಂಟೆಯಲ್ಲಿ ಕಳಿಸಿಬಿಟ್ಟರು. 9 ಆಯಿತು. ಉಳಿದದ್ದು ಮಾರ್ಚ್, ಏಪ್ರಿಲ್, ಮೇ. ಮೂರೂ ಬೇಸ್‌ಮೆಂಟಿನವು.

ಲೋನ್ ಆಫೀಸರ್ ಒಳ್ಳೆ ಹೆಂಗಸು, ಆದರೆ ನಗುವುದಿಲ್ಲ. ಮನೆ ಮಾಲೀಕ ಖಾಸಗಿ ವ್ಯಕ್ತಿಯಾದರೆ ಅವರ ಪತ್ರ ಒಂದೇ ಸಾಲದು, ದುಡ್ಡು ಹೋದದ್ದು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲೂ ಕಾಣಬೇಕು ಅಂದರು. ಕ್ಯಾಶ್ ಅಂದೆ. ಅತ್ತ ಕಡೆ ಒಂದು ನಿಟ್ಟುಸಿರು ಕೇಳಿಸಿತು. ಪ್ರತಿ ತಿಂಗಳ ಕೊನೆಗೆ ಎಟಿಎಮ್ಮಿನಿಂದ 700 ತೆಗೆದದ್ದು ಇದೆಯಲ್ಲ, ಅದರ ಜೊತೆ ಪತ್ರವನ್ನೂ ಇಟ್ಟು ನೋಡೋಣ ಅಂದರು.

ಅದಕ್ಕೇ ಅಂಕಲ್‌ಗೆ ಫೋನ್ ಮಾಡಿದ್ದು. ಮಗನ ಥರ ಅಂತ ಬರೆದರೆ ನಾನು ಮೂರನೇ ಚೌಕಕ್ಕೆ ಬೀಳುತ್ತೇನೆ. ಸಾಲದ ಅರ್ಜಿಯಲ್ಲಿ ಸುಳ್ಳು ಹೇಳುವುದು ಇಲ್ಲಿ ಫೆಡರಲ್ ಅಪರಾಧ ಬೇರೆ. ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಆಯ್ತು ಬಿಡು, ಬರೀತೀನಿ" ಅಂದರು.

ಫೋನಿಟ್ಟ ಮೇಲೆ ನಿದ್ದೆ ಬರಲಿಲ್ಲ. ಅಪ್ಪನ ನೆನಪಾಯಿತು. ದಾವಣಗೆರೆಯಲ್ಲಿ 26 ವರ್ಷ, ನಾಲ್ಕು ಬಾಡಿಗೆ ಮನೆ. 11 ತಿಂಗಳ ಅಗ್ರಿಮೆಂಟ್ ಅಂತ ಮೊದಲ ಸಲ ಬರೆದದ್ದಷ್ಟೇ, ಆಮೇಲೆ ಅದನ್ನು ಯಾರೂ ಮುಟ್ಟಲಿಲ್ಲ. ರಸೀದಿ ಅನ್ನುವುದನ್ನು ನಾನಂತೂ ನೋಡಿಲ್ಲ. ಅಮ್ಮನಿಗೆ ಆ ಮನೆಗಳೆಲ್ಲ ನೀರಿನ ಲೆಕ್ಕದಲ್ಲಿ ನೆನಪು: ಎರಡು ದಿನಕ್ಕೊಮ್ಮೆ ನಲ್ಲಿ ಬರುತ್ತಿದ್ದ ಮನೆ, ಬೋರ್‌ವೆಲ್ ಕೆಟ್ಟಿದ್ದ ಮನೆ. ಅಷ್ಟು ವರ್ಷ ಒಂದು ತಿಂಗಳೂ ತಪ್ಪದೆ ಬಾಡಿಗೆ ಕೊಟ್ಟ ಮನುಷ್ಯ ಇಲ್ಲಿನ ಲೆಕ್ಕದಲ್ಲಿ ಎಲ್ಲೂ ವಾಸವೇ ಮಾಡಿಲ್ಲ! ನಾನು ಹುಟ್ಟಿದ ಮನೆಗೂ ಪುರಾವೆಯಿಲ್ಲ, ಅಲ್ವಾ?

ಗುರುವಾರ ಅಂಕಲ್ ಪತ್ರ ಬಂತು. ಎಲ್ಲ ತಿಂಗಳೂ ಒಂದನೇ ತಾರೀಖಿಗೇ ಕೊಟ್ಟಿದ್ದಾನೆ, ಒಮ್ಮೆಯೂ ತಡ ಮಾಡಿಲ್ಲ ಅಂತಿತ್ತು. ಕೆಳಗೆ ಆಂಟಿಯ ಕೈಬರಹದಲ್ಲಿ ಇನ್ನೊಂದು ಸಾಲು: ಒಳ್ಳೆ ಹುಡುಗ, ಊಟ ಮಾತ್ರ ಕಡಿಮೆ. ಓದಿ ನಗು ಬಂತು. ಮರುದಿನ ಲೋನ್ ಆಫೀಸರ್ ಮೇಲ್: ಮಾರ್ಚಿಗೆ 700 ತೆಗೆದದ್ದು ಸ್ಟೇಟ್‌ಮೆಂಟಿನಲ್ಲಿ ಕಾಣುತ್ತಿಲ್ಲ, ಬಾಡಿಗೆ ಕೊಟ್ಟಿದ್ದೀರಾ, ಬಾಕಿಯಾ?

ನಿಜ ಹೇಳುತ್ತೇನೆ, ನನಗೆ ಮರೆತೇ ಹೋಗಿತ್ತು. ಆ ಫೆಬ್ರವರಿ ಕೊನೆಗೆ ಅಪ್ಪನಿಗೆ ಸ್ಟ್ರೋಕ್ ಆಗಿತ್ತು. ಇದ್ದಬದ್ದ ದುಡ್ಡೆಲ್ಲ ಟಿಕೆಟ್ಟಿಗೆ ಹೋಯಿತು. ನ್ಯೂಆರ್ಕ್ ಏರ್‌ಪೋರ್ಟಿಗೆ ಬಿಟ್ಟವರು ಅಂಕಲ್ಲೇ. ಬಾಡಿಗೆ ಬಂದು ಕೊಡ್ತೀನಿ ಅಂದಾಗ "ಮೊದ್ಲು ಹೋಗ್ ಬಾ" ಅಂದಿದ್ದರು. ಬಂದ ಮೇಲೆ ಏಪ್ರಿಲ್‌ದು ಕೊಟ್ಟೆ. 35 ನೋಟನ್ನು ಎರಡು ಸಲ ಎಣಿಸಿದರು. ಮಾರ್ಚಿಂದು ಮುಂದಿನ ವಾರ ಕೊಡ್ತೀನಿ ಅಂಕಲ್ ಅಂದೆ.

"ಯಾವ ಮಾರ್ಚು?" ಅಂದರು. ಅಷ್ಟೇ.

ಆಮೇಲೆ ಅವರೂ ಕೇಳಲಿಲ್ಲ, ನಾನೂ ಕೊಡಲಿಲ್ಲ. ಮಂಗಳವಾರದ ಮಗನ ಥರ ಅನ್ನುವ ಮಾತನ್ನು ಈಗ ಬೇರೆ ಕಿವಿಯಿಂದ ಕೇಳುವ ಹಾಗಾಗಿದೆ. ಹಾಗಂತ ಅವರ ಟ್ಯಾಕ್ಸ್ ವಿಷಯದಲ್ಲಿ ನನ್ನ ಅಭಿಪ್ರಾಯವೇನೂ ಬದಲಾಗಿಲ್ಲ.

ನಿನ್ನೆ ಮತ್ತೆ ಫೋನ್ ಮಾಡಿ, ಮಾರ್ಚಿಂದು ನೀವೇ ಬೇಡ ಅಂದದ್ದು ಅಂತ ಪತ್ರ ತಿದ್ದಿಕೊಡಿ ಅಂದೆ. "ಕೊಟ್ಟಿಲ್ಲ ಅಂತ ಬರ್ದು ನಿನ್ ಲೋನಿಗೆ ನಾನೇ ಕಲ್ಲು ಹಾಕ್ಲಾ?" ಅಂತ ರೇಗಿದರು. ಇಲ್ಲ ಅಂಕಲ್, ನಿಜ ಬರೆದರೆ ಸಾಕು ಅಂದೆ.

"ಹಂಗಾದ್ರೆ ಭಾನುವಾರ ಬಾ. ಆಂಟಿ ಬಸ್ಸಾರು ಮಾಡ್ತಾಳೆ. ಆ 700 ಮಾತ್ರ ತರಬ್ಯಾಡ, ಎಣ್ಸಕ್ಕೆ ಕನ್ನಡಕ ಸಿಕ್ತಿಲ್ಲ."