ನನ್ನ ಪುಟ್ಟ ಸರ್ಚ್ ಎಂಜಿನ್: ಮಲ್ಲಿಗೆ 'ಮ' ಆದ ವಾರ

ಮೂರನೇ ವಾರ. ಬಸವನಗುಡಿಯ ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕನ್ನಡಕ್ಕೊಂದು ಸರ್ಚ್ ಎಂಜಿನ್ ಮಾಡುವ ಹುಚ್ಚು ಇನ್ನೂ ಇಳಿದಿಲ್ಲ.

ಪುಟ ತರುವ ಕೆಲಸ ಮುಗಿಯಿತು. ಕನ್ನಡ ವಿಕಿಪೀಡಿಯದ 'ಬೆಂಗಳೂರು' ಪುಟದಿಂದ ಶುರು, ಅಲ್ಲಿನ ಲಿಂಕ್ ಹಿಡಿದು ಮುಂದಿನದು, ಅಲ್ಲಿಂದ ಮತ್ತೊಂದು. ಯಂತ್ರಗಳು ಎಲ್ಲಿಗೆ ಬರಬಾರದು ಎಂದು ಪ್ರತಿ ತಾಣ ಬರೆದಿಡುವ ರೋಬೋಟ್ಸ್ ಫೈಲ್ ಬೇಡ ಎಂದ ಕಡೆ ನನ್ನ ಕ್ರಾಲರ್ (ಪುಟ ತರುವ ಪ್ರೋಗ್ರಾಂ) ಕಾಲಿಡುವುದಿಲ್ಲ. ಒಂದು ಪುಟ ತಂದಮೇಲೆ 5 ಸೆಕೆಂಡ್ ಸುಮ್ನೆ ಕೂರುತ್ತದೆ. 800 ಪುಟಕ್ಕೆ ನಿಲ್ಲಿಸಿದೆ. ಇಡೀ ವಿಕಿಪೀಡಿಯ ಬೇಕಿದ್ದರೆ ಅವರೇ ಒಟ್ಟಾಗಿ ಕೊಡುವ ಪ್ರತಿ, ಅಂದರೆ ಡಂಪ್ ಇಳಿಸಿಕೊಳ್ಳುವುದೇ ಮರ್ಯಾದೆ.

ತಲೆನೋವು ಕೊಟ್ಟದ್ದು ಇಂಡೆಕ್ಸ್. ಪುಸ್ತಕದ ಕೊನೆಯಲ್ಲಿರುವ ಪದಸೂಚಿಯಂಥದ್ದು: ಯಾವ ಪದ ಯಾವ ಯಾವ ಪುಟದಲ್ಲಿದೆ ಎಂಬ ಪಟ್ಟಿ. ಹುಡುಕುವಾಗ 800 ಪುಟವನ್ನೂ ಓದಬೇಕಿಲ್ಲ. ತೆರೆದು ನೋಡಿದರೆ 'ಬೆಂಗಳೂರು' ಎಲ್ಲೂ ಇಲ್ಲ! ಇದ್ದದ್ದು 'ಬ', 'ಗಳ', 'ರ'. ಪೈಥಾನ್‌ನ ರೆಜೆಕ್ಸ್ (ಅಕ್ಷರಗಳ ಮಾದರಿ ನೋಡಿ ಪದ ಬಿಡಿಸುವ ಸಾಧನ) ನಮ್ಮ ಕೊಂಬು, ಸೊನ್ನೆ, ಒತ್ತುಗಳನ್ನು ಪದದ ಭಾಗ ಅಂತಲೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಯೂನಿಕೋಡ್‌ನ ಇಡೀ ಕನ್ನಡ ವಿಭಾಗವನ್ನೇ ಕೊಟ್ಟಮೇಲೆ ಸರಿಹೋಯಿತು.

ಆಮೇಲೆ ವಿಭಕ್ತಿ. ಬೆಂಗಳೂರಿಗೆ, ಬೆಂಗಳೂರಿನಿಂದ, ಬೆಂಗಳೂರಿನಲ್ಲಿ ಎಲ್ಲ ನಮಗೆ ಒಂದೇ ಊರು, ಇಂಡೆಕ್ಸ್‌ಗೆ ಮೂರು. ಬಾಲ ಕತ್ತರಿಸುವ ಕೋಡ್ ಬರೆದೆ. 'ಗೆ' ಕಂಡರೆ ಕತ್ತರಿ, 'ಲ್ಲಿ' ಕಂಡರೆ ಕತ್ತರಿ. 'ಮಲ್ಲಿಗೆ' ಮೊದಲು 'ಮಲ್ಲಿ' ಆಯಿತು, ಮರುಸುತ್ತಿನಲ್ಲಿ 'ಮ'. ಹಲ್ಲಿಗಂತೂ ಬಾಲವೇ ಉಳಿಯಲಿಲ್ಲ, 'ಹ' ಅಷ್ಟೇ. ಈಗ ಒಂದೇ ಸಲ ಕತ್ತರಿಸುತ್ತೇನೆ, ಅದೂ ಉಳಿದ ತುಂಡು ಇಂಡೆಕ್ಸ್‌ನಲ್ಲಿ ಬೇರೆಡೆ ಸಿಕ್ಕರೆ ಮಾತ್ರ.

ಯಾವ ಪುಟ ಮೇಲೆ ಬರಬೇಕು ಎನ್ನುವುದಕ್ಕೆ ಎರಡು ಲೆಕ್ಕ. ಒಂದು, ಪದ ಎಷ್ಟು ಅಪರೂಪದ್ದು ಮತ್ತು ಆ ಪುಟದಲ್ಲಿ ಎಷ್ಟು ಸಲ ಬಂದಿದೆ. ಇನ್ನೊಂದು, ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ 1998ರಲ್ಲಿ ವಿವರಿಸಿದ ಪೇಜ್‌ರ್‍ಯಾಂಕ್: ನೂರಕ್ಕೆ 85 ಸಲ ಲಿಂಕ್ ಹಿಡಿದು, 15 ಸಲ ಎಲ್ಲಿಗಾದರೂ ಹಾರುವ ಅಲೆಮಾರಿ ಯಾವ ಪುಟದಲ್ಲಿ ಜಾಸ್ತಿ ಸಿಗುತ್ತಾನೆ? ಎರಡನ್ನೂ ಸಮ ಸಮ ಬೆರೆಸಿದೆ. 'ದೋಸೆ' ಎಂದು ಹುಡುಕಿದರೆ 'ಕರ್ನಾಟಕ' ಪುಟ ಮೊದಲು ಬಂತು. ಎಲ್ಲ ಕಡೆಯಿಂದ ಮೆಜೆಸ್ಟಿಕ್‌ಗೆ ಬಸ್ಸಿದೆ ನಿಜ, ಹಾಗಂತ ಗಾಂಧಿಬಜಾರ್ ಕೇಳಿದವರನ್ನು ಮೆಜೆಸ್ಟಿಕ್‌ನಲ್ಲಿ ಇಳಿಸಿದರೆ ಬೈಯ್ಯಲ್ವಾ? ಪೇಜ್‌ರ್‍ಯಾಂಕ್ ಪಾಲು ಹತ್ತರಲ್ಲಿ ಒಂದಕ್ಕೆ ಇಳಿಸಿದೆ, ದೋಸೆ ಬಂತು.

ನಿನ್ನೆ ಅಮ್ಮ 'ಕಡಲೇಕಾಯಿ' ಅಂತ ಟೈಪ್ ಮಾಡಿದರು. ಸೊನ್ನೆ ಫಲಿತಾಂಶ. "ಪಕ್ಕದ ಬೀದೀಲೇ ಪರಿಷೆ ನಡೆಯತ್ತೆ, ನಿನ್ನ ಡಬ್ಬಕ್ಕೆ ಗೊತ್ತಿಲ್ವಾ?" ಇಂಡೆಕ್ಸ್‌ನಲ್ಲಿದ್ದದ್ದು 'ಕಡಲೆಕಾಯಿ'. ಮುಂದಿನ ವಾರ ದೀರ್ಘದ ಕೆಲಸ.